ಮನೆಯಲ್ಲಿ ಮಗುವಿಗೆ ಸೀತಾಳೆ ಸಿಡುಬು ಬಂದಾಗ

(ಶ್ರೀಮಠದ ಶಿವಾನುಭವ ಗೋಷ್ಠಿಯಲ್ಲಿ ಆಸ್ಪತ್ರೆಯ ಮಕ್ಕಳ ವಿಭಾಗದ ವೈದ್ಯರು ನೀಡಿದ ಉಪನ್ಯಾಸ)



ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತೆಂದರೆ, ಮೈತುಂಬ ಗುಳ್ಳೆ ಎದ್ದ ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಾಯಂದಿರು ನಮ್ಮ ಮಕ್ಕಳ ವಿಭಾಗಕ್ಕೆ ಬರತೊಡಗುತ್ತಾರೆ. "ಸಾಹೇಬ್ರ, ಅಮ್ಮ ಬಂದಾಳ್ರಿ" ಎಂದು ಮೆಲ್ಲಗೆ ಹೇಳುತ್ತಾರೆ. ಜೊತೆಗೆ ಬಂದ ಅತ್ತೆಯವರು, "ಔಷಧ ಕೊಡಬಾರದು ಅಂತಾರ್ರಿ, ಬರೇ ತೋರಿಸ್ಕೊಂಡು ಹೋಗೋಣಂತ ಬಂದೀವಿ" ಎನ್ನುತ್ತಾರೆ. ಈ ಎರಡು ಮಾತುಗಳ ಬಗ್ಗೆಯೇ ನಾನು ಇಂದು ಹೇಳಬೇಕೆಂದಿದ್ದೇನೆ.

ಅತ್ತೆಯವರ ಅಂಜಿಕೆಯನ್ನು ನಗುತ್ತ ತಳ್ಳಿಹಾಕುವಂತಿಲ್ಲ. ಅವರ ಹಿರಿಯರು ದೊಡ್ಡ ಸಿಡುಬನ್ನು ಕಣ್ಣಾರೆ ಕಂಡವರು. ಅದು ಬಂದ ಹತ್ತು ಜನರಲ್ಲಿ ಸುಮಾರು ಮೂವರು ಸಾಯುತ್ತಿದ್ದರು, ಬದುಕಿದವರಲ್ಲಿ ಎಷ್ಟೋ ಮಂದಿ ಕಣ್ಣು ಕಳೆದುಕೊಳ್ಳುತ್ತಿದ್ದರು. ಅದಕ್ಕೆ ಔಷಧವೂ ಇರಲಿಲ್ಲ. ದೇವಿಯ ಮೇಲೆ ಭಾರ ಹಾಕಿ ಕೂಡುವುದನ್ನು ಬಿಟ್ಟರೆ ಬೇರೆ ದಾರಿ ಕಾಣದ ಕಾಲ ಅದು. ಆ ಸಿಡುಬು ನಮ್ಮ ದೇಶದಲ್ಲಿ ಕೊನೆಯದಾಗಿ ಕಂಡದ್ದು 1975ರಲ್ಲಿ. ಲಸಿಕೆಯ ಫಲವಾಗಿ ಇಡೀ ಜಗತ್ತಿನಿಂದಲೇ ಅದು ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಈಗ ನಿಮ್ಮ ಮಗುವಿಗೆ ಬಂದಿರುವುದು ಅದಲ್ಲ. ಇದು ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್. ಹೆಸರಿನಲ್ಲಿ ಸಿಡುಬು ಇದೆಯಾದರೂ ಇದರ ವೈರಾಣುವೇ ಬೇರೆ, ಸ್ವಭಾವವೇ ಬೇರೆ. ಆರೋಗ್ಯವಂತ ಚಿಕ್ಕ ಮಕ್ಕಳಲ್ಲಿ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಹಳೆಯ ರೋಗದ ಭಯ ಮಾತ್ರ ಈ ರೋಗಕ್ಕೆ ಅಂಟಿಕೊಂಡು ಉಳಿದಿದೆ.

ಹಳೆಯ ಪದ್ಧತಿಯಲ್ಲೆಲ್ಲ ತಪ್ಪೇ ಇದೆಯೆಂದು ನಾನು ಹೇಳುವುದಿಲ್ಲ. ಬಾಗಿಲಿಗೆ ಬೇವಿನ ತಪ್ಪಲು ಕಟ್ಟಿದರೆ ಓಣಿಯವರೆಲ್ಲ ತಿಳಿದುಕೊಂಡು ಒಳಗೆ ಬರುವುದಿಲ್ಲ. ನಾವು ಆಸ್ಪತ್ರೆಯಲ್ಲಿ ಬೇರೆ ಕೋಣೆ ಕೊಟ್ಟು ಮಾಡುವುದೂ ಅದನ್ನೇ. ಮನೆ ಸಾರಿಸಿ ಶುಚಿಯಾಗಿಡುವುದು, ಮಗುವನ್ನು ತಂಪಿನಲ್ಲಿ ಮಲಗಿಸುವುದು ಇವೆಲ್ಲ ಒಳ್ಳೆಯವೇ. ದೇವಿಗೆ ಉಡಿ ತುಂಬುವುದಿದ್ದರೆ ಹಿರಿಯರು ಹೋಗಿ ತುಂಬಿ ಬರಲಿ, ಆದರೆ ಕೂಸನ್ನು ಹೊತ್ತುಕೊಂಡು ಜನಸಂದಣಿಗೆ ಹೋಗಬೇಡಿ. ಔಷಧ ಕೊಟ್ಟರೆ ಅಮ್ಮ ಸಿಟ್ಟಾಗುತ್ತಾಳೆ, ನೀರು ಹಾಕಬಾರದು, ಉಪ್ಪು ಕೊಡಬಾರದು, ಊಟ ಕಟ್ಟಬೇಕು ಎನ್ನುತ್ತಾರಲ್ಲ, ಅಲ್ಲಿ ಮಾತ್ರ ನನ್ನ ತಕರಾರು. ಭಯವನ್ನು ಭಕ್ತಿಯೆಂದು ಶರಣರು ಒಪ್ಪಿದವರಲ್ಲ. ಜ್ವರದಲ್ಲಿ ಬೇಯುವ ಮಗುವಿಗೆ ನೀರು, ಅನ್ನ, ಔಷಧ ತಪ್ಪಿಸುವುದನ್ನು ಶ್ರೀಮಠದ ಈ ಅಂಗಳದಲ್ಲಿ ನಿಂತು ತಪ್ಪೆಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಮೊದಲು ಗುರುತಿಸುವುದು ಹೇಗೆಂದು ನೋಡೋಣ. ಒಂದೆರಡು ದಿನ ಸಣ್ಣ ಜ್ವರ, ಮಂಕು, ಊಟ ಬೇಡವೆನ್ನುವುದು ಇರಬಹುದು. ಎಳೆಯ ಮಕ್ಕಳಲ್ಲಿ ಅದೂ ಇಲ್ಲದೆ ನೇರವಾಗಿ ಗುಳ್ಳೆಯೇ ಕಾಣಬಹುದು. ಹೊಟ್ಟೆ, ಬೆನ್ನು, ಮುಖ, ತಲೆಯ ಮೇಲೆ ಕೆಂಪು ಚುಕ್ಕೆಗಳೆದ್ದು ಕೆಲವೇ ಗಂಟೆಗಳಲ್ಲಿ ಇಬ್ಬನಿಯ ಹನಿಯಂತೆ ನೀರು ತುಂಬಿಕೊಳ್ಳುತ್ತವೆ. ಆಮೇಲೆ ಒಣಗಿ ಹಕ್ಕಳೆಗಟ್ಟುತ್ತವೆ. ಮೂರು ನಾಲ್ಕು ದಿನ ಹೊಸ ಗುಳ್ಳೆ ಏಳುತ್ತಲೇ ಇರುವುದರಿಂದ ಚುಕ್ಕೆ, ನೀರುಗುಳ್ಳೆ, ಹಕ್ಕಳೆ ಮೂರೂ ಒಂದೇ ಸಲ ಮೈಮೇಲೆ ಇರುತ್ತವೆ. ಇದೇ ಈ ರೋಗದ ಗುರುತು. ದಡಾರದಲ್ಲಿ, ನಮ್ಮ ಕಡೆ ಗೊಬ್ಬರ ಅನ್ನುತ್ತೇವಲ್ಲ ಅದರಲ್ಲಿ, ಹೀಗೆ ನೀರುಗುಳ್ಳೆ ಇರುವುದಿಲ್ಲ. ಒಟ್ಟು ಗುಳ್ಳೆಗಳು ಕೆಲವರಲ್ಲಿ ಹತ್ತಾರು, ಅನೇಕರಲ್ಲಿ 250ರಿಂದ 500ರವರೆಗೂ ಆಗಬಹುದು. ಎರಡನೆಯ ದಿನಕ್ಕಿಂತ ಮೂರನೆಯ ದಿನ ಹೆಚ್ಚಾದವೆಂದು ಗಾಬರಿಯಾಗಬೇಡಿ, ಅದು ರೋಗದ ಕ್ರಮವೇ. ಇಷ್ಟಾದರೂ ಮೊದಲ ದಿನವೇ ಒಮ್ಮೆ ವೈದ್ಯರಿಗೆ ತೋರಿಸಿ ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ಒಂದು ವರ್ಷದೊಳಗಿನ ಕೂಸಾದರಂತೂ ತೋರಿಸಲೇಬೇಕು.

ಇನ್ನು ಆರೈಕೆ. ಈ ರೋಗದಲ್ಲಿ ಮಗುವನ್ನು ಹೆಚ್ಚು ಕಾಡುವುದು ತುರಿಕೆ. ತುರಿಸಿದಲ್ಲಿ ಉಗುರಿನ ಕೊಳೆ ಸೇರಿ ಕೀವಾಗುತ್ತದೆ, ಕೀವಾದಲ್ಲಿ ಕಲೆ ಉಳಿಯುತ್ತದೆ. ಆದ್ದರಿಂದ ಮೊದಲ ಕೆಲಸ ಉಗುರು ಕತ್ತರಿಸುವುದು, ಮಗುವಿನದಷ್ಟೇ ಅಲ್ಲ, ಎತ್ತಿಕೊಳ್ಳುವವರದೂ. ರಾತ್ರಿ ಕೈಗೆ ತೆಳುವಾದ ಹತ್ತಿಯ ಕಾಲುಚೀಲ ತೊಡಿಸಿ. ಹಳೆಯ ಧೋತರದ ಬಟ್ಟೆಯಂಥ ಮೆತ್ತನೆಯ ಸಡಿಲ ಅಂಗಿ ಸಾಕು. ಕುಲಾಯಿ, ಸ್ವೆಟರ್, ಕಂಬಳಿ ಹೊದಿಸಿದರೆ ಮೈ ಬೆವೆತು ತುರಿಕೆ ಇನ್ನೂ ಹೆಚ್ಚುತ್ತದೆ. ಉಡಿದಾರ, ತಾಯತ, ಬಿಗಿಯಾದ ಬಳೆ, ಕಾಲ್ಗಡಗ ತೆಗೆದಿಡಿ. ಅವುಗಳ ಅಡಿಯ ಗುಳ್ಳೆ ತಿಕ್ಕಿ ಒಡೆಯುತ್ತದೆ. ಲಿಂಗಧಾರಣೆಯಾದ ಮಗುವಾದರೆ ಶಿವದಾರವನ್ನು ಹೊಸ ಹತ್ತಿಯ ದಾರಕ್ಕೆ ಬದಲಿಸಿ, ಕೊರಳಿಗೆ ಉಜ್ಜದಂತೆ ಸಡಿಲವಾಗಿ ಬಿಡಿ.

ಸ್ನಾನ ನಿಲ್ಲಿಸಬೇಡಿ. ದಿನಕ್ಕೊಮ್ಮೆ ಉಗುರು ಬೆಚ್ಚಗಿನ ನೀರು ಮೈಮೇಲೆ ಹನಿಸಿ, ತಿಕ್ಕದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ. ಕೊಳೆ ಹೋದರೆ ಗುಳ್ಳೆ ಕೀವಾಗುವುದು ಕಡಿಮೆ. ಏಳನೆಯ ದಿನ ಬೇವಿನ ನೀರು ಹಾಕುವ ಪದ್ಧತಿ ನಿಮ್ಮಲ್ಲಿದ್ದರೆ ಅಂದು ಹಾಕಿ, ಅಲ್ಲಿಯವರೆಗೆ ಬರಿಯ ನೀರು ಹಾಕುತ್ತ ಬನ್ನಿ, ಅಷ್ಟೇ. ತುರಿಕೆಗೆ ಕ್ಯಾಲಮೈನ್ ಲೋಷನ್ ಅನ್ನು ಹತ್ತಿಯಿಂದ ಮೆಲ್ಲಗೆ ಒತ್ತಿ ಹಚ್ಚಿ, ಕಣ್ಣು ಬಾಯಿಯ ಹತ್ತಿರ ಬೇಡ. ತುರಿಕೆಯಿಂದ ನಿದ್ದೆಯೇ ಬಾರದಿದ್ದರೆ ಕುಡಿಸುವ ಔಷಧವೂ ಇದೆ, ಅದನ್ನು ಮಗುವಿನ ತೂಕ ನೋಡಿ ವೈದ್ಯರೇ ಬರೆಯಬೇಕು. ಅರಿಶಿನ ಅರೆದು ಮೆತ್ತುವುದು, ಪೌಡರ್ ಉದುರಿಸುವುದು, ಒಡೆದ ಗುಳ್ಳೆಗೆ ಕುಂಕುಮ, ಭಸ್ಮ ಹಚ್ಚುವುದು ಬೇಡ. ವಿಭೂತಿಯನ್ನು ಹಣೆಗೆ ಗುಳ್ಳೆಯಿಲ್ಲದ ಕಡೆ ಇಟ್ಟರೆ ಸಾಕು.

ಬೇವಿನ ಬಗ್ಗೆ ಒಂದು ಎಚ್ಚರಿಕೆ. ತಪ್ಪಲನ್ನು ಹಾಸಿಗೆಯ ಬಳಿ ಇಟ್ಟರೆ ಹಾನಿಯಿಲ್ಲ. ಆದರೆ ಬೇವಿನೆಣ್ಣೆಯನ್ನು ಎಳೆಯ ಮಕ್ಕಳಿಗೆ ಎಷ್ಟು ಮಾತ್ರಕ್ಕೂ ಕುಡಿಸಬೇಡಿ. ಅದು ಯಕೃತ್ತಿಗೂ ಮಿದುಳಿಗೂ ವಿಷವಾಗಿ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾದ ಮಕ್ಕಳಿದ್ದಾರೆ.

ಊಟದ ಮಾತಿಗೆ ಬಂದರೆ, ಎದೆಹಾಲು ಕುಡಿಯುವ ಕೂಸಿಗೆ ಹಾಲು ಬಿಡಿಸಲೇಬಾರದು. ದೊಡ್ಡ ಮಕ್ಕಳಿಗೆ ಬಾಯಲ್ಲೂ ಗುಳ್ಳೆ ಎದ್ದಿರುತ್ತದೆ. ನುಂಗಲು ಉರಿಯುವುದರಿಂದ ಬೇಡವೆನ್ನುತ್ತವೆಯೇ ಹೊರತು ಹಸಿವಿಲ್ಲವೆಂದಲ್ಲ. ಖಾರ, ಹುಳಿ, ಬಿಸಿಬಿಸಿ ಪದಾರ್ಥ ಬಿಟ್ಟು ಆರಿದ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ, ಅಂಬಲಿ, ಬಾಳೆಹಣ್ಣು, ಎಳನೀರು, ತೆಳು ಮಜ್ಜಿಗೆ ಕೊಡಿ. ಉಪ್ಪು ಎಂದಿನಂತೆ ಇರಲಿ. ಮನೆಯಲ್ಲಿ ಒಗ್ಗರಣೆ ಹಾಕಬಾರದೆಂದು ಹಿರಿಯರು ಹೇಳಿದರೆ ಅದಕ್ಕಾಗಿ ಜಗಳ ಬೇಡ, ಒಗ್ಗರಣೆಯಿಲ್ಲದೆಯೂ ಮಗು ಉಣ್ಣುತ್ತದೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ಮಗುವಿನ ತೂಕದ ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ ಲೆಕ್ಕ. 10 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 100ರಿಂದ 150 ಮಿಲಿಗ್ರಾಂ, 6 ಗಂಟೆಯ ಅಂತರದಲ್ಲಿ, ದಿನಕ್ಕೆ ನಾಲ್ಕು ಸಲ ಮೀರದಂತೆ. ತೊಡಕಿರುವುದು ಬಾಟಲಿಯಲ್ಲಿ. ಒಂದು ಸಿರಪ್‌ನ 5 ಮಿಲಿಯಲ್ಲಿ 125 ಮಿಲಿಗ್ರಾಂ ಇದ್ದರೆ ಇನ್ನೊಂದರಲ್ಲಿ 250 ಇರುತ್ತದೆ, ಚಿಕ್ಕ ಕೂಸಿನ ಡ್ರಾಪ್ಸ್‌ನಲ್ಲಿ 1 ಮಿಲಿಗೇ 100 ಇರುತ್ತದೆ. "ಒಂದು ಚಮಚ" ಎಂಬ ಮಾತು ಒಂದು ಬಾಟಲಿಗೆ ಸರಿಯಾದರೆ ಇನ್ನೊಂದಕ್ಕೆ ಎರಡು ಪಟ್ಟಾಗುತ್ತದೆ. ಆದ್ದರಿಂದ ಬಾಟಲಿಯನ್ನೇ ತಂದು ತೋರಿಸಿ, ಎಷ್ಟು ಮಿಲಿ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಜೊತೆಗೆ ಬಂದ ಅಳತೆಯ ಮುಚ್ಚಳದಲ್ಲೇ ಅಳೆಯಿರಿ.

ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ಅಜ್ಜನ ಹೃದಯಕ್ಕೆಂದು ತಂದ ಮಾತ್ರೆಯೂ, ತಲೆನೋವಿನ ಡಿಸ್ಪ್ರಿನ್‌ ಕೂಡ ಆಸ್ಪಿರಿನ್ನೇ. ಈ ರೋಗದಲ್ಲಿ ಅದನ್ನು ಕೊಟ್ಟರೆ ಯಕೃತ್ತು ಮತ್ತು ಮಿದುಳು ಕೆಡುವ ರೇ ಸಿಂಡ್ರೋಮ್ ಎಂಬ ಕಾಯಿಲೆ ಬರಬಹುದು. ಐಬುಪ್ರೊಫೆನ್ ಕೂಡ ಈ ದಿನಗಳಲ್ಲಿ ಬೇಡ, ಚರ್ಮದ ಸೋಂಕು ಆಳಕ್ಕಿಳಿಯುವ ಅಪಾಯ ಅದರೊಡನೆ ಕಂಡುಬಂದಿದೆ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡಬಾರದೆಂದು ಸರ್ಕಾರವೇ 2011ರಲ್ಲಿ ನಿಷೇಧಿಸಿದೆ. ಮತ್ತೊಂದು ಮಾತು: "ಒಂದು ಸೂಜಿ ಮಾಡಿಸಿದರ ಲಗೂ ಇಳೀತೈತಿ" ಎಂದು ಯಾರೋ ಹೇಳಿದರೆಂದು, ಏನಿದೆಯೆಂದು ತಿಳಿಯದ ಇಂಜೆಕ್ಷನ್ ಮಾಡಿಸಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಒಂದು ದಿನ ಮಗು ಚೇತರಿಸಿಕೊಂಡಂತೆ ಕಂಡು, ಆಮೇಲೆ ರೋಗ ಒಳಗಿನ ಅಂಗಗಳಿಗೆ ಹಬ್ಬಬಹುದು. ಅಂಗಡಿಯಿಂದ ತಂದು ಹಚ್ಚುವ ತುರಿಕೆಯ ಟ್ಯೂಬುಗಳಲ್ಲೂ ಸ್ಟಿರಾಯ್ಡ್ ಇರುವುದುಂಟು. ಆಂಟಿಬಯಾಟಿಕ್ ಬೇಕಾಗುವುದು ಗುಳ್ಳೆ ಕೀವಾದರೆ ಮಾತ್ರ, ವೈರಾಣುವಿನ ಮೇಲೆ ಅದು ಕೆಲಸ ಮಾಡದು.

ಮನೆಯ ಉಳಿದವರ ಮಾತನ್ನು ನಾನು ಸ್ವಲ್ಪ ಹೆಚ್ಚು ಹೇಳಲೇಬೇಕು. ನಿಜವಾದ ಅಪಾಯ ಅನೇಕ ಸಲ ಇರುವುದು ಅಲ್ಲಿ. ಈ ರೋಗ ಗುಳ್ಳೆ ಏಳುವ ಎರಡು ದಿನ ಮೊದಲಿನಿಂದಲೇ ಹರಡುತ್ತದೆ, ಎಲ್ಲ ಗುಳ್ಳೆ ಒಣಗಿ ಹಕ್ಕಳೆಗಟ್ಟುವವರೆಗೂ ಹರಡುತ್ತದೆ. ಹಿಂದೆ ಬಾರದ, ಲಸಿಕೆಯೂ ಆಗದ ಹತ್ತು ಜನ ಅದೇ ಮನೆಯಲ್ಲಿದ್ದರೆ ಸುಮಾರು ಒಂಬತ್ತು ಜನರಿಗೆ ಬರುತ್ತದೆ. ಅದೂ ಕೂಡಲೇ ಅಲ್ಲ, 10ರಿಂದ 21 ದಿನಗಳ ನಂತರ. ಮೊದಲ ಮಗು ಗುಣವಾಯಿತೆಂದು ನಿಟ್ಟುಸಿರು ಬಿಡುವ ಹೊತ್ತಿಗೆ ತಮ್ಮನಿಗೋ ತಂಗಿಗೋ ಏಳುತ್ತದೆ, ಮೊದಲನೆಯವರಿಗಿಂತ ಜೋರಾಗಿಯೂ ಏಳಬಹುದು. ಅಜ್ಜಿಗೆ ಸರ್ಪಸುತ್ತು ಆಗಿದ್ದರೆ ಅದೂ ಇದೇ ವೈರಾಣುವಿನದು, ಅದರ ನೀರು ತಾಗಿ ಮೊಮ್ಮಗುವಿಗೆ ಸೀತಾಳೆ ಸಿಡುಬು ಬರಬಹುದು.

ನಮ್ಮ ಮನೆಗಳಲ್ಲಿ ಹೆರಿಗೆಗೆ ಮಗಳು ತವರಿಗೆ ಬಂದಿರುತ್ತಾಳೆ, ಅದೇ ಮನೆಯಲ್ಲಿ ಅಣ್ಣನ ಮಗುವಿಗೆ ಗುಳ್ಳೆ ಏಳುತ್ತದೆ. ಆಗ ಬಸುರಿಯ ತಾಯಿಯನ್ನು ಕೇಳಿ, "ಇಕಿಗೆ ಸಣ್ಣಾಕಿದ್ದಾಗ ಅಮ್ಮ ಬಂದಿತ್ತೇನು?" ಎಂದು. ಬಂದಿದ್ದರೆ ಚಿಂತೆಯಿಲ್ಲ. ಬಂದಿಲ್ಲ, ಅಥವಾ ನೆನಪಿಲ್ಲ ಎಂದರೆ ಆಕೆಯನ್ನು ಬೇರೆ ಮನೆಯಲ್ಲಿರಿಸಿ ಅಂದೇ ವೈದ್ಯರಲ್ಲಿಗೆ ಕರೆತನ್ನಿ. ಸಂಪರ್ಕವಾದ 10 ದಿನದೊಳಗೆ ಕೊಡಬಹುದಾದ ರಕ್ಷಣೆಯ ಇಂಜೆಕ್ಷನ್ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು. ದೊಡ್ಡವರಿಗೆ, ಅದರಲ್ಲೂ ಬಸುರಿಗೆ, ಈ ರೋಗ ಶ್ವಾಸಕೋಶಕ್ಕಿಳಿಯುವುದುಂಟು. ಹೆರಿಗೆಯ ಐದು ದಿನ ಮುಂಚಿನಿಂದ ಎರಡು ದಿನ ನಂತರದೊಳಗೆ ತಾಯಿಗೆ ಗುಳ್ಳೆ ಎದ್ದರೆ ಹಸುಗೂಸಿನ ಜೀವಕ್ಕೇ ಅಪಾಯ. ಮೂತ್ರಪಿಂಡದ ಕಾಯಿಲೆಗೋ ಬೇರೆಯದಕ್ಕೋ ಸ್ಟಿರಾಯ್ಡ್ ಮಾತ್ರೆ ನುಂಗುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮನೆಯಲ್ಲಿದ್ದರೂ ಹೀಗೆಯೇ ತಡಮಾಡದೆ ತಿಳಿಸಿ. ಇಂಥವರಿಗೆ ಗುಳ್ಳೆ ಎದ್ದೇಬಿಟ್ಟರೆ ಅಸೈಕ್ಲೋವಿರ್ ಎಂಬ ಔಷಧವಿದೆ. ಅದನ್ನು ಮೊದಲ 24 ಗಂಟೆಯೊಳಗೆ ಆರಂಭಿಸಿದರೆ ಫಲ ಹೆಚ್ಚು.

ಒಂದು ವರ್ಷ ದಾಟಿದ, ರೋಗ ಬಾರದ ಆರೋಗ್ಯವಂತ ಅಣ್ಣತಮ್ಮಂದಿರಿಗೆ ಮೂರರಿಂದ ಐದು ದಿನದೊಳಗೆ ಲಸಿಕೆ ಹಾಕಿಸಿದರೆ ರೋಗ ತಪ್ಪಬಹುದು, ಇಲ್ಲವೆ ಹಗುರಾಗಬಹುದು. ಈ ಲಸಿಕೆ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿಲ್ಲ, ಹಣ ಕೊಟ್ಟು ಹಾಕಿಸಬೇಕು. ಸಾಮಾನ್ಯವಾಗಿ 15 ತಿಂಗಳಿಗೆ ಮೊದಲನೆಯದು, ಆಮೇಲೆ ಇನ್ನೊಂದು. ಎಲ್ಲರಿಗೂ ಆಗುವ ಖರ್ಚಲ್ಲವೆಂದು ನನಗೆ ಗೊತ್ತು, ಆದರೆ ಆಗುವವರು ಹಾಕಿಸಿ.

ಈಗ ಹೇಳುವುದನ್ನು ಮನೆಯ ಎಲ್ಲರೂ ನೆನಪಿಡಬೇಕು. ಜ್ವರ ನಾಲ್ಕು ದಿನ ದಾಟಿದರೆ, ಅಥವಾ ಬಿಟ್ಟ ಜ್ವರ ಮತ್ತೆ ಬಂದರೆ ಕರೆತನ್ನಿ. ಗುಳ್ಳೆಯ ಸುತ್ತ ಕೆಂಪಾಗಿ, ಬಿಸಿಯಾಗಿ, ಬಾತು, ಮುಟ್ಟಿದರೆ ಮಗು ಚೀರಿದರೆ, ಕೀವು ಬಂದರೆ ಕರೆತನ್ನಿ. ಏದುಸಿರು ಬಿಡುತ್ತಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಎಬ್ಬಿಸಿದರೂ ಏಳದೆ ಮಂಪರಿನಲ್ಲಿದ್ದರೆ, ಮೇಲಿಂದ ಮೇಲೆ ವಾಂತಿಯಾದರೆ, ಕುತ್ತಿಗೆ ಸೆಟೆದರೆ, ಫಿಟ್ಸ್ ಬಂದರೆ, ಗುಳ್ಳೆಯಲ್ಲಿ ರಕ್ತ ಕಂಡರೆ, ಎಂಟು ಗಂಟೆ ಮೂತ್ರವಾಗದಿದ್ದರೆ ರಾತ್ರಿಯಾದರೂ ಕಾಯಬೇಡಿ. ಇನ್ನೊಂದನ್ನು ತಾಯಂದಿರು ಅಶಕ್ತಿಯೆಂದು ಬಿಟ್ಟುಬಿಡುತ್ತಾರೆ. ಗುಳ್ಳೆ ಒಣಗುತ್ತ ಬಂದಾಗ, ಚೆನ್ನಾಗಿ ನಡೆಯುತ್ತಿದ್ದ ಮಗು ಕುಡಿದವರಂತೆ ತೂರಾಡಿ ಬಿದ್ದರೆ ಅದು ಮಿದುಳಿಗೆ ಸಂಬಂಧಿಸಿದ್ದು. ಬಹಳಷ್ಟು ಮಕ್ಕಳಲ್ಲಿ ಸರಿಹೋಗುತ್ತದೆ, ಆದರೆ ನಾವು ನೋಡಲೇಬೇಕು.

ಅಂಗನವಾಡಿಗೆ, ಶಾಲೆಗೆ ಎಲ್ಲ ಗುಳ್ಳೆ ಹಕ್ಕಳೆಗಟ್ಟಿದ ಮೇಲೆ ಕಳಿಸಿ. ಸಾಮಾನ್ಯವಾಗಿ ಗುಳ್ಳೆ ಎದ್ದ ಐದರಿಂದ ಏಳು ದಿನ ಬೇಕಾಗುತ್ತದೆ. ಹಕ್ಕಳೆ ಉದುರುವವರೆಗೆ ಕಾಯಬೇಕಿಲ್ಲ, ಒಣ ಹಕ್ಕಳೆಯಿಂದ ರೋಗ ಹರಡುವುದಿಲ್ಲ. ಅದನ್ನು ಕಿತ್ತು ತೆಗೆಯಬೇಡಿ, ಎರಡು ವಾರದೊಳಗೆ ತಾನೇ ಉದುರುತ್ತದೆ.

ನಮ್ಮ ಆಸ್ಪತ್ರೆಗೆ ಕರೆತರುವಾಗ ಮಾತ್ರ ಒಂದು ಕೆಲಸ ಮಾಡಿ. ಮಗುವನ್ನು ಎತ್ತಿಕೊಂಡು ನೇರವಾಗಿ ಸರದಿಯಲ್ಲಿ ಕೂಡಬೇಡಿ. ಆ ಬೆಂಚಿನ ಮೇಲೆ ಬಸುರಿಯರೂ ಹಸುಗೂಸುಗಳೂ ಇರುತ್ತಾರೆ. ಒಬ್ಬರು ಮಗುವಿನೊಂದಿಗೆ ಹೊರಗೆ ಮರದ ನೆರಳಿನಲ್ಲಿ ನಿಲ್ಲಿ, ಇನ್ನೊಬ್ಬರು ಒಳಗೆ ಬಂದು ಚೀಟಿ ಕೊಡುವವರಿಗೆ "ಗುಳ್ಳೆ ಎದ್ದಾವ್ರಿ" ಎಂದು ಹೇಳಿ. ನಾವೇ ಹೊರಗೆ ಬಂದು ನೋಡುತ್ತೇವೆ.