ಪುನರುತ್ಥಾನ: ವಾಚ್ಯವೇ, ಸಂಕೇತವೇ?



ಕನ್ನಡ ಸಾಹಿತ್ಯವನ್ನು ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದವನು ನಾನು. ಕ್ರೈಸ್ತ ಧರ್ಮಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಯೇಸುವಿನ ಪುನರುತ್ಥಾನವನ್ನು ನಡೆದ ಸಂಗತಿಯೆಂದು ಓದಬೇಕೇ, ಸಂಕೇತವೆಂದು ಓದಬೇಕೇ ಎಂಬ ಹಳೆಯ ವಾದವನ್ನು ಇಂದು ಎತ್ತಿಕೊಂಡಿದ್ದೇನೆ. ಇದಕ್ಕೆ ಕಾರಣವಾದದ್ದು ನನ್ನದೇ ಒಂದು ಮಾತು. ಆಡಬಾರದ ಹೊತ್ತಿನಲ್ಲಿ ಆಡಿದ ಮಾತು.

ದೇವದುರ್ಗದಲ್ಲಿ ಬಹುಕಾಲ ಶಾಲಾ ಅಧ್ಯಾಪಕರಾಗಿದ್ದು, ನಿವೃತ್ತಿಯ ತರುವಾಯ ರಾಯಚೂರಿನಲ್ಲಿ ನೆಲೆಸಿದ ಕ್ರೈಸ್ತ ಮಿತ್ರರೊಬ್ಬರು ನನಗಿದ್ದಾರೆ. ಕೆಲವು ವರ್ಷಗಳ ಹಿಂದೆ ಅವರ ಪತ್ನಿ ತೀರಿಕೊಂಡರು. ಮಣ್ಣು ಕೊಟ್ಟು ಬಂದ ಮೂರನೆಯ ದಿನ ಅವರ ಮನೆಗೆ ಹೋದೆ. ಸಮಾಧಾನ ಹೇಳಬೇಕಲ್ಲ? ಪುನರುತ್ಥಾನವೆಂದರೆ ಸತ್ತವರು ಬಾಳಿದ ಮೌಲ್ಯಗಳು ನಮ್ಮಲ್ಲಿ ಎದ್ದು ನಿಲ್ಲುವುದು, ನಿಮ್ಮ ಶಾಸ್ತ್ರವನ್ನು ಹಾಗೆ ತಿಳಿದರೆ ದುಃಖ ಹಗುರಾದೀತು ಎಂದು ಏನೇನೋ ಹೇಳಿದೆ. ಅವರು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಸರ, ಮೌಲ್ಯ ಉಳೀತಾವ ಅಂತ ನನಗೂ ಗೊತ್ತೈತ್ರಿ. ಆದ್ರ ನನಗ ಆಕಿ ಬೇಕಾಗ್ಯಾಳ್ರಿ" ಎಂದರು.

ಆ ದಿನ ಮನೆಗೆ ಬಂದವನೇ ಬೈಬಲ್ಲನ್ನು ತೆಗೆದು ಕುಳಿತೆ. ಅದಕ್ಕೆ ಮುಂಚೆ ಓದಿರಲಿಲ್ಲವೆಂದಲ್ಲ. ತರಗತಿಯಲ್ಲಿ ಉದಾಹರಿಸುವುದಕ್ಕೆ ಬೇಕಾಗುವಷ್ಟು ಓದಿದ್ದೆ.

ಮೊದಲು ಪದದ ವಿಚಾರ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ನಮ್ಮ ಭಾಷೆಯ ಕ್ರೈಸ್ತ ಪರಿಭಾಷೆಯಲ್ಲಿ ನೆಲೆಯೂರಿದ 'ಪುನರುತ್ಥಾನ' ಸೊಗಸಾದ ಪದ. ಗ್ರೀಕ್ ಮೂಲದ 'ಅನಾಸ್ಟಾಸಿಸ್' ಎಂಬುದಕ್ಕೂ ಎದ್ದು ನಿಲ್ಲುವುದು ಎಂದೇ ಅರ್ಥ. ಅಲ್ಲಿ ಬಳಕೆಯಾಗುವ ಇನ್ನೊಂದು ಕ್ರಿಯಾಪದಕ್ಕೆ ನಿದ್ದೆಯಿಂದ ಎಬ್ಬಿಸು ಎಂಬ ಅರ್ಥವುಂಟು. ಕಾರ್ತಿಕ ಶುದ್ಧದಲ್ಲಿ ವಿಷ್ಣು ಯೋಗನಿದ್ರೆಯಿಂದ ಏಳುವ ದಿನವನ್ನು ಉತ್ಥಾನ ದ್ವಾದಶಿಯೆಂದು ಕರೆಯುವ ನಮಗೆ ಈ ಪದ ಹೊರಗಿನದೆನಿಸುವುದಿಲ್ಲ. ತೊಡಕಾದದ್ದು ಅಲ್ಲಿಯೇ. ಪದ ನಮ್ಮದಾದುದರಿಂದ ಅರ್ಥವೂ ನಮ್ಮದೇ ಎಂದು ಭಾವಿಸುತ್ತೇವೆ. ಪುನರುತ್ಥಾನವನ್ನು ಪುನರ್ಜನ್ಮದ ಪಕ್ಕದಲ್ಲಿಟ್ಟು, ಆತ್ಮಕ್ಕೆ ಅಳಿವಿಲ್ಲ ಎಂಬಷ್ಟಕ್ಕೇ ಮುಗಿಸಿಬಿಡುತ್ತೇವೆ. ಅಲ್ಲಿ ಹೇಳಿರುವುದು ಹಾಗಲ್ಲ. ಸತ್ಯವಾನನ ಪ್ರಾಣ ಸಾವಿತ್ರಿಗೆ ಮರಳಿ ದೊರೆಯಿತು. ಯೇಸು ಎಬ್ಬಿಸಿದ ಲಾಜರನೂ ಗವಿಯಿಂದ ಹೊರಬಂದ. ಇವರಿಬ್ಬರೂ ಮರಳಿದ್ದು ಮತ್ತೊಮ್ಮೆ ಸಾಯಲಿರುವ ಬದುಕಿಗೆ. ಯೇಸುವಿನ ವಿಷಯದಲ್ಲಿ ಹೇಳಿರುವುದು ಮುಂದೆ ಸಾವೇ ಇಲ್ಲದ ಬದುಕಿಗೆ ಎದ್ದುದನ್ನು, ಅದೂ ದೇಹಸಹಿತನಾಗಿ. ಸ್ಮರಣೆಯಾಗಿ ಉಳಿದನೆಂದಾಗಲಿ, ಆತ್ಮ ಮಾತ್ರ ಮೇಲೇರಿತೆಂದಾಗಲಿ ಅಲ್ಲ.

ಇದಕ್ಕೆ ಆಧಾರವಾಗಿ ಕಂಡವರ ಪಟ್ಟಿ ಕೊಡುವ ಬರಹಗಳಲ್ಲಿ ಅತ್ಯಂತ ಹಳೆಯದು ನಾಲ್ಕು ಸುವಾರ್ತೆಗಳಲ್ಲ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ. ಕ್ರಿ.ಶ. 55ರ ಆಸುಪಾಸಿನದು, ಅಂದರೆ ಘಟನೆಯಾಗಿ ಇಪ್ಪತ್ತೈದು ವರ್ಷಗಳೊಳಗಿನದು. ಅದರ 15ನೆಯ ಅಧ್ಯಾಯದಲ್ಲಿ ಎದ್ದ ಯೇಸು ಯಾರುಯಾರಿಗೆ ಕಾಣಿಸಿಕೊಂಡನೆಂಬ ಒಂದು ಪಟ್ಟಿಯಿದೆ: ಕೇಫನೆನಿಸಿದ ಪೇತ್ರ, ಹನ್ನೆರಡು ಮಂದಿ ಶಿಷ್ಯರು, ಒಮ್ಮೆಗೇ ಐನೂರಕ್ಕೂ ಹೆಚ್ಚು ಜನ, ಯಾಕೋಬ, ಕೊನೆಯಲ್ಲಿ ಪೌಲ ತಾನು. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂದೂ ಸೇರಿಸುತ್ತಾನೆ. ಬೇಕಾದರೆ ಹೋಗಿ ಕೇಳಿ ಎಂಬ ಧ್ವನಿ. ಬರಿದಾದ ಸಮಾಧಿಯ ಪ್ರಸ್ತಾಪವಾಗಲಿ, ಅದನ್ನು ಮೊದಲು ಕಂಡರೆಂದು ಸುವಾರ್ತೆಗಳು ಹೇಳುವ ಸ್ತ್ರೀಯರ ಹೆಸರಾಗಲಿ ಆ ಪಟ್ಟಿಯಲ್ಲಿ ಇಲ್ಲ. ಎದ್ದ ದೇಹ ಎಂಥದೆಂಬ ಪ್ರಶ್ನೆಗೆ ಅವನ ಉತ್ತರ ಬಿತ್ತಿದ ಬೀಜದ ಉಪಮೆ. ಮಣ್ಣಿಗೆ ಬಿದ್ದ ಕಾಳಿನಂತೆ ಪೈರು ಕಾಣುವುದಿಲ್ಲ. ಆದರೂ ಆ ಕಾಳಿನದೇ ಪೈರು.

ಇನ್ನು ಸುವಾರ್ತೆಗಳು. ಅವುಗಳಲ್ಲಿ ಮೊದಲಿನದೆಂದು ಬಹುಮಂದಿ ವಿದ್ವಾಂಸರು ಒಪ್ಪುವ ಮಾರ್ಕನ ಬರಹ ಸುಮಾರು ಕ್ರಿ.ಶ. 70ರದು. ನಾಲ್ಕನೆಯ ಶತಮಾನದ ಎರಡು ಪ್ರಸಿದ್ಧ ಹಸ್ತಪ್ರತಿಗಳಲ್ಲಿ ಅದು 16ನೆಯ ಅಧ್ಯಾಯದ ಎಂಟನೆಯ ವಾಕ್ಯಕ್ಕೇ ನಿಂತುಹೋಗುತ್ತದೆ. ಸ್ತ್ರೀಯರು ಸಮಾಧಿ ಬರಿದಾಗಿರುವುದನ್ನು ಕಂಡು, ಅವನು ಎದ್ದಿದ್ದಾನೆಂಬ ಮಾತನ್ನೂ ಕೇಳಿ, ನಡುಗುತ್ತ ಓಡಿಹೋಗಿ, ಹೆದರಿಕೆಯಿಂದ ಯಾರಿಗೂ ಏನನ್ನೂ ಹೇಳಲಿಲ್ಲ ಎಂಬಲ್ಲಿಗೆ ಮುಗಿಯುತ್ತದೆ. ಈಗ ಮುದ್ರಿತ ಪ್ರತಿಗಳಲ್ಲಿರುವ ಮುಂದಿನ ಹನ್ನೆರಡು ವಾಕ್ಯಗಳು ತರುವಾಯ ಸೇರಿದವು. ಕುಮಾರವ್ಯಾಸನಲ್ಲಿಯೂ ವಚನಗಳಲ್ಲಿಯೂ ಪ್ರಕ್ಷಿಪ್ತಗಳನ್ನು ಹೆಕ್ಕಿ ಹೆಕ್ಕಿ ಕಣ್ಣು ಸವೆಸಿಕೊಂಡ ನಮ್ಮಂಥವರಿಗೆ ಇದು ಅಚ್ಚರಿಯಲ್ಲ.

ನಾಲ್ವರ ಕಥನಗಳೂ ಒಂದಕ್ಕೊಂದು ಹೊಂದುವುದಿಲ್ಲ. ಹೋದ ಸ್ತ್ರೀಯರು ಎಷ್ಟು ಮಂದಿ, ಅಲ್ಲಿ ಕಂಡ ದೂತರು ಎಷ್ಟು ಮಂದಿ, ದರ್ಶನವಾದದ್ದು ಗಲಿಲಾಯದಲ್ಲಿಯೋ ಯೆರೂಸಲೇಮಿನಲ್ಲಿಯೋ? ಸಂದೇಹವಾದಿ ಇದನ್ನೇ ಹಿಡಿದು ಜಗ್ಗುತ್ತಾನೆ. ಭಕ್ತನಾದವನು ನಾಲ್ಕನ್ನೂ ಹೊಲಿದು ಒಂದೇ ಕಥೆಯಾಗಿಸಿ ತೇಪೆಯನ್ನು ಮರೆಮಾಡುತ್ತಾನೆ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೊಂದು ಸಂಗತಿ. ಸಂದೇಹ ಹೊರಗಿನಿಂದ ಬಂದದ್ದಲ್ಲ, ಈ ಗ್ರಂಥಗಳ ಒಳಗೇ ಇದೆ. ಲೂಕನಲ್ಲಿ ಶಿಷ್ಯರು ಸ್ತ್ರೀಯರ ಮಾತನ್ನು ಹರಟೆಯೆಂದು ತಳ್ಳಿಹಾಕುತ್ತಾರೆ. ಯೋಹಾನನಲ್ಲಿ ಮಗ್ದಲದ ಮರಿಯಳು ಎದುರಿಗೆ ನಿಂತವನನ್ನು ತೋಟದ ಮಾಲಿಯೆಂದು ತಿಳಿಯುತ್ತಾಳೆ. ತೋಮನು ಗಾಯವನ್ನು ಮುಟ್ಟಿ ನೋಡದೆ ನಂಬಲೊಲ್ಲ. ಮತ್ತಾಯನಲ್ಲಿ ಬೆಟ್ಟದ ಮೇಲೆ ಕಣ್ಣಾರೆ ಕಂಡವರಲ್ಲಿಯೂ ಕೆಲವರು ಅನುಮಾನಪಟ್ಟರು. ಶಿಷ್ಯರೇ ಹೆಣವನ್ನು ಕದ್ದೊಯ್ದರೆಂಬ ಎದುರಾಳಿಗಳ ಸುದ್ದಿಯನ್ನು ನಮಗೆ ಮೊದಲು ತಿಳಿಸುವವನು ಕೂಡ ಮತ್ತಾಯನೇ. ಹದಿನೆಂಟನೆಯ ಶತಮಾನದಲ್ಲಿ ಹ್ಯಾಂಬರ್ಗಿನ ರೈಮಾರುಸ್ ಬಲು ಗುಟ್ಟಾಗಿ ಬರೆದಿಟ್ಟು, ಅವನು ಸತ್ತ ಮೇಲೆ ಲೆಸ್ಸಿಂಗ್ ಪ್ರಕಟಿಸಿ ಯುರೋಪೆಲ್ಲ ಗದ್ದಲವೆದ್ದ ಆ ಆರೋಪ ಮತ್ತಾಯನ ಪುಟದಲ್ಲಿ ಮೊದಲಿನಿಂದಲೂ ಇತ್ತು!

ರೈಮಾರುಸನದು ನೇರವಾದ ನಿರಾಕರಣೆ. ಅವನ ನಂತರ ಬಂದ ಸ್ಟ್ರೌಸ್ 1835ರಲ್ಲಿ ಪ್ರಕಟಿಸಿದ ಯೇಸುವಿನ ಚರಿತ್ರೆಯಲ್ಲಿ ಇದು ಸುಳ್ಳೂ ಅಲ್ಲ, ನಡೆದದ್ದೂ ಅಲ್ಲ, ಭಕ್ತಸಮುದಾಯದ ಮನಸ್ಸು ಹೆಣೆದ ಪುರಾಣ ಎಂದ; ಅದಕ್ಕಾಗಿ ತ್ಯೂಬಿಂಗೆನ್ನಿನ ಕೆಲಸ ಕಳೆದುಕೊಂಡ. 1941ರಲ್ಲಿ ಬುಲ್ಟ್‌ಮನ್ ಎತ್ತಿದ ಮಿಥ್ಯಾನಿವಾರಣೆಯ ವಾದವೂ ಈ ದಾರಿಯದೇ. ನಮ್ಮ ದೇಶದಲ್ಲಿ 1820ರಷ್ಟು ಹಿಂದೆಯೇ ರಾಮಮೋಹನ ರಾಯರು ಪವಾಡಗಳನ್ನು ಕೈಬಿಟ್ಟು ಯೇಸುವಿನ ನೀತಿಬೋಧೆಯನ್ನಷ್ಟೇ ಸಂಕಲಿಸಿದ್ದರು. ಶ್ರೀರಾಂಪುರದ ಮಿಷನರಿ ಮಾರ್ಷ್‌ಮನ್ ಅದನ್ನು ಉಗ್ರವಾಗಿ ಖಂಡಿಸಿದರು; ರಾಯರು ಒಂದರ ಮೇಲೊಂದರಂತೆ ಉತ್ತರ ಬರೆದರು. ಕುರಾನಿನ ದಾರಿಯೇ ಬೇರೆ. ಅಲ್ಲಿ ಯೇಸುವನ್ನು ಕೊಲ್ಲಲೂ ಇಲ್ಲ, ಶಿಲುಬೆಗೆ ಏರಿಸಲೂ ಇಲ್ಲ, ಹಾಗೆ ತೋರಿತು ಎಂದಿರುವುದರಿಂದ ವಾದ ಎದ್ದನೋ ಇಲ್ಲವೋ ಎಂಬಲ್ಲಿಗೆ ಬರುವುದೇ ಇಲ್ಲ.

ನನ್ನ ನಿಲುವು ಬಹುಕಾಲ ರಾಯರ ನಿಲುವಿಗೆ ಹತ್ತಿರವಿತ್ತು. ಅದು ಸಭ್ಯವಾದ ನಿಲುವು. ಭಕ್ತನನ್ನು ನೋಯಿಸುವುದಿಲ್ಲ, ಬುದ್ಧಿಯನ್ನೂ ಬಿಟ್ಟುಕೊಡುವುದಿಲ್ಲ. ಆದರೆ ಅದು ಶಾಸ್ತ್ರಶುದ್ಧವೇ? ನಮ್ಮ ಆಲಂಕಾರಿಕರು ಲಕ್ಷಣಾರ್ಥಕ್ಕೆ ಒಂದು ಕಟ್ಟು ಹಾಕಿದ್ದಾರೆ. ಗಂಗೆಯಲ್ಲಿ ಹಳ್ಳಿಯಿದೆಯೆಂದರೆ ನೀರಿನ ಮೇಲೆ ಹಳ್ಳಿ ನಿಲ್ಲದು. ಮುಖ್ಯಾರ್ಥಕ್ಕೆ ಬಾಧೆಯಾದುದರಿಂದ ದಡದಲ್ಲಿದೆ ಎಂದು ತಿಳಿಯುತ್ತೇವೆ. ಈ ಬಾಧೆಯನ್ನು ಅಳೆಯುವುದು ಯಾವುದರಿಂದ? ಆಡಿದವನ ತಾತ್ಪರ್ಯದಿಂದ ಎಂದು ಬಲ್ಲವರು ಹೇಳುತ್ತಾರೆ. ಕೇಳಿದವನಿಗೆ ಒಪ್ಪಿಗೆಯಾಗಲಿಲ್ಲ ಎಂಬುದರಿಂದಲ್ಲ. ಪೌಲನ ತಾತ್ಪರ್ಯದಲ್ಲಿ ಮಸುಕಿಲ್ಲ. ಕ್ರಿಸ್ತನು ಏಳಲಿಲ್ಲವೆಂದಾದರೆ ತನ್ನ ಬೋಧನೆಯೂ ಕೇಳಿದವರ ನಂಬಿಕೆಯೂ ವ್ಯರ್ಥವೆಂದು ಅವನೇ ಬಾಯಿಬಿಟ್ಟು ವಾದಿಸುತ್ತಾನೆ. ಹಾಗೆ ಬರೆದವನ ಮಾತನ್ನು ನಂಬದೆ ಇರುವ ಹಕ್ಕು ನಮಗುಂಟು. ಅವನು ಮೌಲ್ಯಗಳ ವಿಷಯವಾಗಿ ರೂಪಕ ಹೇಳಿದನೆನ್ನುವ ಹಕ್ಕು ಇಲ್ಲ. ಇಂಗ್ಲೆಂಡಿನ ಎನ್. ಟಿ. ರೈಟ್ 2003ರ ತಮ್ಮ ಬೃಹದ್ಗ್ರಂಥದಲ್ಲಿ ಆ ಕಾಲದ ಪದಬಳಕೆಯನ್ನೆಲ್ಲ ಜಾಲಾಡಿ, ಆ ಪದ ದೇಹದ ಏಳುವಿಕೆಯನ್ನೇ ಹೇಳುತ್ತಿತ್ತೆಂದು ತೋರಿಸಿದ್ದಾರೆ. ಆದದ್ದರಿಂದ ಅದು ನಡೆಯಿತು ಎಂಬ ಅವರ ಮುಂದಿನ ಹೆಜ್ಜೆಯನ್ನು ನಾನು ಇಡಲಾರೆ.

ಏಕೆ ಇಡಲಾರೆನೆಂಬುದಕ್ಕೆ ನಮ್ಮಲ್ಲಿಯ ಒಂದು ಸಾಕ್ಷ್ಯವನ್ನು ಮುಂದಿಡುತ್ತೇನೆ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಶಾಸನವೊಂದಿದೆ. ಫ್ಲೀಟ್ ಅದನ್ನು ಪ್ರಕಟಿಸಿದರು. ಆಳಂದದವನಾದ ಏಕಾಂತದ ರಾಮಯ್ಯ ಜೈನರೊಡನೆ ಪಣ ತೊಟ್ಟು, ಓಲೆ ಬರೆಯಿಸಿಕೊಂಡು, ತನ್ನ ತಲೆಯನ್ನು ಕಡಿದು ಶಿವನಿಗೆ ಅರ್ಪಿಸಿ, ಏಳನೆಯ ದಿನ ಮರಳಿ ಪಡೆದನೆಂದು ಆ ಶಾಸನ ಹೇಳುತ್ತದೆ. ನಡೆದದ್ದು ಬಿಜ್ಜಳನ ಆಳಿಕೆಯಲ್ಲಿ. ಘಟನೆಗೂ ಬರಹಕ್ಕೂ ನಡುವೆ ಮೂವತ್ತು ನಲವತ್ತು ವರ್ಷ. ಯೇಸುವಿಗೂ ಮಾರ್ಕನಿಗೂ ಇರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಮತ್ತಾಯನಂತೆ ಈ ಶಾಸನವೂ ಎದುರಾಳಿಗಳು ಒಪ್ಪಲಿಲ್ಲವೆಂಬುದನ್ನು ದಾಖಲಿಸುತ್ತದೆ. ಕಲ್ಲಿನಲ್ಲಿ ಚಿತ್ರವನ್ನೂ ಕೊರೆದಿದ್ದಾರೆ. ಇಷ್ಟೆಲ್ಲ ಇದ್ದರೂ ಇತಿಹಾಸಕಾರರು ಏನನ್ನು ಸ್ವೀಕರಿಸುತ್ತಾರೆ? ಅಬ್ಬಲೂರಿನಲ್ಲಿ ಶೈವರಿಗೂ ಜೈನರಿಗೂ ಕಲಹವಾಯಿತು, ಜಿನಪ್ರತಿಮೆ ಭಗ್ನವಾಯಿತು, ಅರಸರು ದತ್ತಿ ಬಿಟ್ಟರು ಎಂಬಷ್ಟನ್ನು. ತಲೆಯ ಸಂಗತಿಯನ್ನು ನಂಬಿಕೆಗೆ ಬಿಡುತ್ತಾರೆ. ಸೋತ ಜೈನರ ಓಲೆ ನಮಗೆ ಸಿಕ್ಕಿಲ್ಲವೆಂಬುದನ್ನೂ ಮರೆಯಬಾರದು. ಅಬ್ಬಲೂರಿಗೆ ಒಂದು ತಕ್ಕಡಿ, ಯೆರೂಸಲೇಮಿಗೆ ಇನ್ನೊಂದು ತಕ್ಕಡಿ ಹಿಡಿಯಲು ನನಗೆ ಮನಸ್ಸು ಬರುವುದಿಲ್ಲ. ಮಿಷನರಿಗಳಿಗೂ ನಮ್ಮವರಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ.

ಆದರೆ ತಕ್ಕಡಿಯಲ್ಲಿ ತೂಗಿ ಮುಗಿಸಲಾಗದ್ದೂ ಒಂದಿದೆ. ಅದನ್ನು ನನಗೆ ತೋರಿಸಿದವರು ಮಾನವಿಯ ಜನ. ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು, ಗುರು ವಿಜಯದಾಸರ ಅಪ್ಪಣೆಯಂತೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು, ಉದರಶೂಲೆಯಿಂದ ಸಾಯಲಿದ್ದ ಬ್ಯಾಗವಾಟದ ಶ್ರೀನಿವಾಸಾಚಾರ್ಯರಿಗೆ ಧಾರೆಯೆರೆದರೆಂಬುದು ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. ಆ ಆಚಾರ್ಯರೇ ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು. ಅವರ ಕಾಲ 1728ರಿಂದ 1809. ಲೆಕ್ಕವನ್ನು ಆಮೇಲೆ ಹೊಂದಿಸಿದ್ದಾರೆನ್ನುವುದು ಸುಲಭ; ನಾನೂ ಒಮ್ಮೆ ಭಾದ್ರಪದದ ಆರಾಧನೆಯ ಉಪನ್ಯಾಸದಲ್ಲಿ, ನಲವತ್ತು ವರ್ಷವೆಂಬುದು ಗುರುಕಾರುಣ್ಯದ ಸಂಕೇತವೆಂದು ತಿಳಿಯಬೇಕೆಂದು ಹೇಳಿದ್ದೆ. ಸಭೆ ಮುಗಿದ ಮೇಲೆ ವೃದ್ಧರೊಬ್ಬರು ಹತ್ತಿರ ಬಂದು ಕೇಳಿದರು: "ಅಲ್ರೀ ಮಾಸ್ತರ್ರ, ನಲವತ್ತು ವರ್ಷ ಬರೇ ಸಂಕೇತ ಅಂದ್ರ, ಹರಿಕಥಾಮೃತಸಾರ ಬರದವರು ಯಾರ್ರಿ?"

ನಗೆಯಾಡಿ ತಪ್ಪಿಸಿಕೊಂಡೆ. ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಗರ್ವಿಷ್ಠ ಪಂಡಿತನೊಬ್ಬ ದಾಸನಾದ, ಹಾಡಿದ. ಗುರುವನ್ನು ಮೂರು ಸಲ ಅರಿಯೆನೆಂದ ಪೇತ್ರ ಯೆರೂಸಲೇಮಿನ ಬೀದಿಯಲ್ಲಿ ನಿಂತು ಸಾರಿದ. ಫಲ ಕಣ್ಣೆದುರಿಗಿದೆ, ಬೇರು ಮಣ್ಣಿನೊಳಗಿದೆ. ಫಲದಿಂದ ಏನೋ ಆಯಿತೆಂದು ಹೇಳಬಹುದು, ಏನಾಯಿತೆಂದು ಹೇಳಲಾಗದು. ಏನೂ ಆಗಲಿಲ್ಲವೆಂದು ಹೇಳುವುದು ಮಾತ್ರ ನನಗೆ ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ.

ರಾಯಚೂರಿನ ಮಿತ್ರರಲ್ಲಿಗೆ ಮತ್ತೆ ಹೋದದ್ದು ಮುಂದಿನ ಪುನರುತ್ಥಾನ ಹಬ್ಬದ ದಿನ. ನಸುಕಿನಲ್ಲಿಯೇ ಹೆಂಡತಿಯ ಗೋರಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಬಂದಿದ್ದರು. ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆ. "ಇರಲಿ ಬಿಡ್ರಿ ಸರ" ಎಂದು ಚಹಾ ತರಿಸಿದರು. ಕಣ್ಣಿಗೆ ಪೊರೆ ಬಂದಿದ್ದುದರಿಂದ ತಮಗಾಗಿ ಮಾರ್ಕನ ಕೊನೆಯ ಅಧ್ಯಾಯವನ್ನು ಓದಲು ಹೇಳಿದರು. ಓದುತ್ತ ಎಂಟನೆಯ ವಾಕ್ಯಕ್ಕೆ ಬಂದು ನಿಂತೆ, ಅಭ್ಯಾಸಬಲ. "ಯಾಕ್ರಿ, ಅಲ್ಲೇ ನಿಂತ್ರಿ?" ಎಂದು ಕೇಳಿದರು. ಹಳೆಯ ಹಸ್ತಪ್ರತಿಗಳ ವಿಷಯವನ್ನು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಬತ್ತಿಯ ಮೇಣ ಅಂಟಿದ್ದ ಬೆರಳನ್ನು ಉಜ್ಜಿಕೊಳ್ಳುತ್ತ ಕುಳಿತು, "ಹೆದರಿ ಯಾರಿಗೂ ಹೇಳಲಿಲ್ಲ ಅಂದ್ರ, ಮತ್ತ ನಮಗ ಹೆಂಗ ಗೊತ್ತಾತ್ರಿ ಸರ?" ಎಂದರು.

ನಾನು ಒಂಬತ್ತನೆಯ ವಾಕ್ಯದಿಂದ ಮುಂದಕ್ಕೆ ಓದಿದೆ.