ತೂಕದ ಮುಳ್ಳು ನಿಂತುಬಿಟ್ಟರೆ

(ಮಧುಮೇಹ ಮತ್ತು ಮೊಣಕಾಲು ನೋವಿನ ರೋಗಿಗಳಿಗಾಗಿ ನೀಡಿದ ಉಪನ್ಯಾಸ)



ಬೆಳಗಿನ ನಡಿಗೆ ತಪ್ಪಿಸಲಿಲ್ಲ, ಚಹಾದ ಸಕ್ಕರೆ ಬಿಟ್ಟಿರಿ, ಮೂರು ತಿಂಗಳಲ್ಲಿ ಐದಾರು ಕಿಲೋ ಇಳಿಯಿತು. ಆಮೇಲೆ ಮುಳ್ಳು ಅಲ್ಲಾಡಲೊಲ್ಲದು. ಆಗ ಕೆಲವರು ಬೇಸರದಿಂದ ನಡಿಗೆಯನ್ನೇ ಬಿಡುತ್ತಾರೆ. ಇನ್ನು ಕೆಲವರು ಗುಳಿಗೆ ನುಂಗಿ, ಊಟವನ್ನೇ ಬಿಡುತ್ತಾರೆ. ಇದು ಬಹಳ ಅಪಾಯ. ಇನ್ಸುಲಿನ್ ಮತ್ತು ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳು ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆಯನ್ನು ತೀರಾ ಇಳಿಸಿಬಿಡುತ್ತವೆ. ಬೆವರು, ನಡುಕ, ಕಣ್ಣು ಮಂಜಾಗುವುದು ಕಂಡರೆ ತಕ್ಷಣ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ. ಲಿಂಗಪೂಜೆ ಮುಗಿಯುವ ತನಕ ಏನನ್ನೂ ಮುಟ್ಟದವರು ಆ ಸಂಗತಿಯನ್ನು ವೈದ್ಯರಿಗೆ ಹೇಳಿ, ಗುಳಿಗೆಯ ಹೊತ್ತನ್ನು ಕೇಳಿಕೊಳ್ಳಿರಿ.

ಮುಳ್ಳು ಏಕೆ ನಿಲ್ಲುತ್ತದೆ? ಮೊದಲ ವಾರಗಳಲ್ಲಿ ಇಳಿದದ್ದರಲ್ಲಿ ನೀರಿನ ಪಾಲು ಹೆಚ್ಚು. ನಂತರ ದೇಹವೇ ಹಗುರಾಗಿದೆ. 80 ಕಿಲೋ ದೇಹವನ್ನು ಹೊತ್ತು ನಡೆದಾಗ ಖರ್ಚಾದಷ್ಟು ಶಕ್ತಿ 74 ಕಿಲೋ ದೇಹಕ್ಕೆ ಬೇಕಾಗುವುದಿಲ್ಲ. ಊಟ ಕಡಿಮೆಯಾದದ್ದನ್ನು ಅರಿತು ದೇಹವೂ ಕೈ ಬಿಗಿಹಿಡಿದು ಖರ್ಚು ಮಾಡುತ್ತದೆ. ಬರೀ ಊಟ ಕಡಿತ ಮಾಡಿದವರಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗಿರುತ್ತದೆ. ಆದ್ದರಿಂದ ಇನ್ನಷ್ಟು ಉಪವಾಸ ಇದಕ್ಕೆ ಮದ್ದಲ್ಲ. ಮಾಡುತ್ತಿರುವ ಕ್ರಮವನ್ನು ಬದಲಿಸಬೇಕು.

ಮೊದಲು ತಟ್ಟೆ ನೋಡೋಣ. ನಮ್ಮ ಜನ ಒಂದು ರೊಟ್ಟಿ ಕಡಿಮೆ ಮಾಡುತ್ತಾರೆ, ಆದರೆ ಶೇಂಗಾ ಹಿಂಡಿಯ ಮೇಲೆ ಎಣ್ಣೆ ಸುರಿಯುವ ಕೈ ನಿಲ್ಲುವುದಿಲ್ಲ! ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. 35 ಗ್ರಾಂ ಹಿಟ್ಟಿನ ತೆಳು ಜೋಳದ ರೊಟ್ಟಿಯಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ. ಬಿಟ್ಟ ರೊಟ್ಟಿ ಎಣ್ಣೆಯ ರೂಪದಲ್ಲಿ ಮರಳಿ ಬಂತು. ಮನೆಯ ತಿಂಗಳ ಎಣ್ಣೆಯನ್ನು ಒಮ್ಮೆ ಅಳೆದು ನೋಡಿರಿ. ಸೋಮವಾರದ ಉಪವಾಸಕ್ಕೆ ಸಾಬೂದಾಣಿ ಖಿಚಡಿ ಮಾಡುವವರಂತೂ ಊಟಕ್ಕಿಂತ ಹೆಚ್ಚೇ ತಿಂದಿರುತ್ತಾರೆ.

ಕಾಳು ಹೆಚ್ಚಲಿ. ಮೊಳಕೆ ಬರಿಸಿದ ಮಡಕಿ, ಹೆಸರು, ಬೇಳೆ, ಕೆನೆ ತೆಗೆದ ಮೊಸರು ಸ್ನಾಯುವಿಗೆ ಬೇಕಾದ ಪ್ರೋಟೀನ್ ಕೊಡುತ್ತವೆ, ಹಸಿವನ್ನೂ ತಡೆಯುತ್ತವೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು. ಪ್ರಸಾದ ಚೆಲ್ಲಬಾರದೆಂದು ಹೊಟ್ಟೆ ತುಂಬಿದ ಮೇಲೂ ತಟ್ಟೆ ಬರಿದು ಮಾಡುವುದು ನಮ್ಮ ರೂಢಿ. ಅದು ಒಳ್ಳೆಯ ರೂಢಿಯೇ. ಹಾಗಾಗಿ "ಸಾಕು" ಎನ್ನುವುದನ್ನು ನೀಡಿಸಿಕೊಳ್ಳುವಾಗಲೇ ಹೇಳಬೇಕು. ನೀಡುವ ತಾಯಂದಿರು ಬೇಸರಪಟ್ಟುಕೊಳ್ಳಬಾರದು.

ಇನ್ನು ವ್ಯಾಯಾಮ. ಅದೇ ಬೀದಿ, ಅದೇ ವೇಗ, ಅದೇ ಗೆಳೆಯರೊಡನೆ ಮಾತು. ದೇಹಕ್ಕೆ ಇದು ಅಭ್ಯಾಸವಾಗಿಬಿಟ್ಟಿದೆ. ಐದು ನಿಮಿಷ ಸಾಧಾರಣವಾಗಿ ನಡೆದು, ಎರಡು ನಿಮಿಷ ಮಾತಿಗೆ ಉಸಿರು ಸಾಲದಷ್ಟು ಬೀಸು ಹೆಜ್ಜೆ ಹಾಕಿರಿ. ಹೀಗೆ ನಾಲ್ಕು ಸಲ. ವಾರಕ್ಕೆ ಎರಡು ಮೂರು ದಿನ, ಬೆನ್ನಿರುವ ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂಡಿರಿ. ಗೋಡೆಗೆ ಎರಡೂ ಕೈ ಒತ್ತಿ, ಮೊಣಕೈ ಮಡಚಿ ಮುಂದೆ ಬಾಗಿ ಹಿಂದೆ ತಳ್ಳಿರಿ, ಅದೂ ಹತ್ತು ಸಲ. ಸುಲಭವೆನಿಸಿದ ಮೇಲೆ ಎರಡು ಮೂರು ಆವರ್ತನ ಮಾಡಬಹುದು. ಮೊಣಕಾಲು ನೋವಿನವರು ಕುರ್ಚಿಯ ಮೇಲೆ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಲಿ. ಇದರಿಂದ ತೊಡೆಯ ಸ್ನಾಯು ಗಟ್ಟಿಯಾಗಿ ಕೀಲಿನ ಭಾರವೂ ಹಗುರಾಗುತ್ತದೆ. ಹೃದಯದ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಕೆಟ್ಟವರು ಕೇಳಿಯೇ ಆರಂಭಿಸಿರಿ.

ತೂಕವನ್ನು ದಿನಾಲೂ ನೋಡಬೇಡಿರಿ. ಹಿಂದಿನ ದಿನದ ಉಪ್ಪಿನಕಾಯಿ, ಹಪ್ಪಳದ ಉಪ್ಪಿಗೇ ನೀರು ನಿಂತು ಮುಳ್ಳು ಏರುತ್ತದೆ. ವಾರಕ್ಕೊಮ್ಮೆ, ಬೆಳಿಗ್ಗೆ, ಅದೇ ಯಂತ್ರದ ಮೇಲೆ ನಿಂತರೆ ಸಾಕು. ಜೊತೆಗೆ ಟೇಪಿನಿಂದ ಸೊಂಟದ ಸುತ್ತಳತೆ ನೋಡಿರಿ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ಮಿತಿ. ತೂಕ ನಿಂತಿದ್ದರೂ ಸೊಂಟ ಇಳಿಯುತ್ತಿದ್ದರೆ ಕೊಬ್ಬು ಕರಗುತ್ತಿದೆ ಎಂದೇ ತಿಳಿಯಿರಿ.

ಎರಡು ತಿಂಗಳು ಹೀಗೆ ಮಾಡಿದರೂ ಎರಡೂ ಕದಲದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಬೇಕಾಗಬಹುದು. ಸ್ಟೀರಾಯ್ಡ್ ಗುಳಿಗೆ, ಇನ್ಸುಲಿನ್, ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳೂ ತೂಕ ಏರಿಸುತ್ತವೆ. ಯಾವುದನ್ನೂ ತಾವಾಗಿ ನಿಲ್ಲಿಸಬೇಡಿರಿ. ಮುಂದಿನ ಸಲ ಬರುವಾಗ ನುಂಗುವ ಎಲ್ಲ ಗುಳಿಗೆಗಳ ಚೀಟಿ, ಸೊಂಟದ ಅಳತೆ ಬರೆದ ಹಾಳೆ, ಎರಡನ್ನೂ ತನ್ನಿರಿ.