ಹಳೆಯ ಮೋಟಾರಿನ ಗರಗರ ಸದ್ದು



ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳತ್ತ ಹೊರಡುವ ಹಾದಿಗಳಲ್ಲಿ ಹಳೆಯ ಮೋಟಾರುಗಳು ಇನ್ನೂ ಸಂಚರಿಸುತ್ತಲಿವೆ. ಅಂಬಾಸಿಡರ್ ಮತ್ತು ಮಾರುತಿ 800 ಇವೆರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಆದರೂ ಅವನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದಿರುವ ಮನೆಗಳುಂಟು. ಇಂತಹ ಬಂಡಿಯ ಆಕ್ಸಿಲರೇಟರನ್ನು ತುಳಿದೊಡನೆ ರಾಗಿ ಬೀಸುವ ಕಲ್ಲಿನಂತೆ ಗರಗರ ಸದ್ದು ಕೇಳಿಬಂದರೆ ಮಾಡತಕ್ಕದ್ದೇನು? ಸದ್ದಿನ ಮೂಲವನ್ನು ಅರಿಯದೆ ಒಂದೊಂದೇ ಭಾಗವನ್ನು ಬದಲಾಯಿಸುತ್ತ ಹೋದರೆ ಹಣ ವ್ಯರ್ಥ. ಅಲಕ್ಷ್ಯ ಮಾಡಿದರೆ ಪ್ರಾಣಕ್ಕೇ ಸಂಚಕಾರ. ಆದಕಾರಣ ಮೊದಲು ಪರೀಕ್ಷೆ, ಆಮೇಲೆ ರಿಪೇರಿ.

ಮೊದಲನೆಯ ಪರೀಕ್ಷೆಯನ್ನು ಮನೆಯಂಗಳದಲ್ಲಿಯೇ ಮಾಡಬಹುದು. ಬಂಡಿಯನ್ನು ನಿಲ್ಲಿಸಿ, ಕೈಬ್ರೇಕು ಎಳೆದು, ಗೇರನ್ನು ನ್ಯೂಟ್ರಲಿಗೆ ತಂದು ಎಂಜಿನ್ನಿನ ವೇಗವನ್ನು ಏರಿಸಿರಿ. ಆಗಲೂ ಸದ್ದು ಬಂದರೆ ದೋಷವು ಎಂಜಿನ್ನಿನ ಕಡೆಯದು. ನೀರಿನ ಪಂಪು, ಆಲ್ಟರ್ನೇಟರುಗಳ ಬೇರಿಂಗು ಸವೆದಿರಬಹುದು. ಅಥವಾ ಹೊಗೆಕೊಳವೆಯ ಮೇಲಿನ ತಗಡು ಸಡಿಲಗೊಂಡು ಅದುರುತ್ತಿರಬಹುದು. ತಗಡಿನದಾದರೆ ಖರ್ಚು ಅಲ್ಪ. ಬಳಿಕ ಕ್ಲಚ್ಚನ್ನು ತುಳಿದು ನೋಡಿರಿ. ತುಳಿದಾಗ ಮಾತ್ರ ಸದ್ದು ಹುಟ್ಟಿದರೆ ಕ್ಲಚ್ಚಿನ ಬೇರಿಂಗನ್ನೂ, ತುಳಿದಾಗ ಅಡಗಿದರೆ ಗೇರುಪೆಟ್ಟಿಗೆಯ ಮುಂಭಾಗದ ಬೇರಿಂಗನ್ನೂ ಶಂಕಿಸತಕ್ಕದ್ದು.

ನಿಂತಲ್ಲಿ ಮೌನವಾಗಿದ್ದು, ಚಲಿಸುವಾಗ ಮಾತ್ರ ಗರಗರಿಸಿದರೆ ಎರಡನೆಯ ಪರೀಕ್ಷೆ. ಜನಸಂಚಾರವಿಲ್ಲದ ಸಮತಟ್ಟಾದ ದಾರಿಯಲ್ಲಿ ಗಂಟೆಗೆ 40 ಕಿಲೋಮೀಟರಿನಷ್ಟು ವೇಗದಲ್ಲಿ ಹೋಗುತ್ತ ಗೇರನ್ನು ಕ್ಷಣಕಾಲ ನ್ಯೂಟ್ರಲಿಗೆ ತನ್ನಿರಿ. ಎಂಜಿನ್ನನ್ನು ಮಾತ್ರ ಎಂದಿಗೂ ಆರಿಸಕೂಡದು. ಆರಿಸಿದರೆ ಬ್ರೇಕಿನ ಬಲ ಕುಗ್ಗೀತು. ಸದ್ದು ಹಾಗೆಯೇ ಉಳಿದು, ಬಂಡಿಯ ವೇಗ ತಗ್ಗಿದಂತೆ ತಾನೂ ತಗ್ಗಿದರೆ ಅದು ಚಕ್ರದ ಬೇರಿಂಗಿನದು ಅಥವಾ ಬ್ರೇಕಿನದು. ಬಲಕ್ಕೆ ತಿರುಗುವಾಗ ಭಾರವು ಎಡಚಕ್ರಗಳ ಮೇಲೆ ಬೀಳುವುದರಿಂದ, ಆಗ ಸದ್ದು ಹೆಚ್ಚಿದರೆ ಎಡಗಡೆಯ ಬೇರಿಂಗಿನ ಮೇಲೆಯೇ ಮೊದಲ ಅನುಮಾನ. ಆದರೆ ಕಲ್ಲುಮಣ್ಣಿನ ಹಾದಿಯನ್ನು ದಾಟಿದ ಮೇಲೆ ಹಠಾತ್ತಾಗಿ ಕೀರಲು ಧ್ವನಿ ಕೇಳಿದರೆ, ಬ್ರೇಕಿನ ತಟ್ಟೆಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲೊಂದು ಸಿಕ್ಕಿಕೊಂಡಿರುವುದೂ ಉಂಟು.

ನ್ಯೂಟ್ರಲಿನಲ್ಲಿ ಅಡಗಿ, ಆಕ್ಸಿಲರೇಟರನ್ನು ತುಳಿದಾಗ ಮರಳುವ ಸದ್ದು ಶಕ್ತಿಯನ್ನು ಚಕ್ರಕ್ಕೆ ಸಾಗಿಸುವ ಭಾಗಗಳದು. ಮಾರುತಿ 800ರಲ್ಲಿ ಮುಂದಿನ ಚಕ್ರಗಳು ಬಂಡಿಯನ್ನು ಎಳೆಯುತ್ತವೆ. ಅವುಗಳ ದಂಡದ ಕೀಲನ್ನು ಮುಚ್ಚಿದ ರಬ್ಬರು ಹರಿದರೆ ಗ್ರೀಸು ಹೊರಚೆಲ್ಲಿ, ಕೆಸರು ಒಳಹೊಕ್ಕು ಕೀಲು ಸವೆಯುತ್ತದೆ. ಪೂರ್ಣವಾಗಿ ತಿರುಗಿಸುವಾಗ ಕಟಕಟವೆನ್ನುವುದು ಅದರ ಲಕ್ಷಣ. ಅಂಬಾಸಿಡರಿನಲ್ಲಿ ಹಿಂದಿನ ಚಕ್ರಗಳು ನೂಕುತ್ತವೆ. ಆದುದರಿಂದ ಉದ್ದದಂಡದ ಕೀಲುಗಳನ್ನೂ ಹಿಂದಿನ ಡಿಫರೆನ್ಷಿಯಲನ್ನೂ ನೋಡತಕ್ಕದ್ದು. ಅದರ ಎಣ್ಣೆ ಸೋರಿ ಕಡಮೆಯಾದರೆ ಹಲ್ಲುಗಳು ಒಂದನ್ನೊಂದು ಅರೆಯುತ್ತವೆ. ಎಂಜಿನ್ನಿನ ಎಣ್ಣೆಯನ್ನು ಆಗಾಗ ನೋಡುವವರೂ ಈ ಎಣ್ಣೆಯನ್ನು ಮರೆತುಬಿಡುವುದು ಸಾಮಾನ್ಯ. ತೆಗೆದ ಎಣ್ಣೆಯಲ್ಲಿ ಲೋಹದ ಚೂರುಗಳು ಕಂಡರೆ, ಬರಿಯ ಎಣ್ಣೆ ತುಂಬಿಸಿ ಸಮಾಧಾನಪಡುವಂತಿಲ್ಲ.

ಯಾವ ಸದ್ದಿಗೆ ಪಯಣ ನಿಲ್ಲಿಸಬೇಕು? ಚಕ್ರ ಅಲ್ಲಾಡಿದರೆ, ಅದರ ನಡುಭಾಗ ಸುಡುವಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಬ್ರೇಕು ತುಳಿದಾಗ ಲೋಹ ಲೋಹಕ್ಕೆ ಉಜ್ಜಿದಂತಾದರೆ ಒಂದು ಮೈಲಿಯೂ ಮುಂದೆ ಹೋಗಕೂಡದು. ಕೆಟ್ಟ ಬೇರಿಂಗು ಚಕ್ರವನ್ನೇ ಹಿಡಿದುಬಿಡಬಹುದು. ಹೆಗ್ಗಡದೇವನಕೋಟೆಯಿಂದ ನಾಗರಹೊಳೆಯ ಕಾಡನ್ನು ಹಾದು ಮಾನಂದವಾಡಿಗೆ ಹೋಗುವವರಿಗಂತೂ ಈ ಎಚ್ಚರಿಕೆ ಇನ್ನೂ ಅಗತ್ಯ. ನಡುಗಾಡಿನಲ್ಲಿ ಕೆಟ್ಟು ನಿಂತರೆ ಸಹಾಯ ದುರ್ಲಭ. ಆನೆಗಳ ಸಂಚಾರವಂತೂ ಇದ್ದೇ ಇದೆ. ಊರು ಬಿಡುವ ಮುನ್ನವೇ ಪರೀಕ್ಷಿಸುವುದು ಲೇಸು.

ಕಡೆಯದಾಗಿ, ಮೆಕಾನಿಕ್ಕಿನ ಬಳಿಗೆ ಹೋದಾಗ “ಏನೋ ಸದ್ದು ಬರುತ್ತದೆ” ಎಂದಷ್ಟೇ ಹೇಳಬೇಡಿರಿ. ಯಾವ ವೇಗದಲ್ಲಿ, ಯಾವ ಗೇರಿನಲ್ಲಿ, ಯಾವ ತಿರುವಿನಲ್ಲಿ, ಎಷ್ಟು ಭಾರ ಹೇರಿದಾಗ ಎಂಬುದನ್ನು ಚೀಟಿಯಲ್ಲಿ ಬರೆದು ಒಯ್ಯಿರಿ; ಸಾಧ್ಯವಾದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿಬನ್ನಿರಿ. ರೋಗಿಯು ತನ್ನ ಬೇನೆಯನ್ನು ಸರಿಯಾಗಿ ತಿಳಿಸಿದರೆ ವೈದ್ಯನಿಗೆ ಅರ್ಧ ಕೆಲಸ ಮುಗಿದಂತೆ. ಮೋಟಾರಿಗೆ ಬಾಯಿಲ್ಲ; ಅದರ ಪರವಾಗಿ ಹೇಳತಕ್ಕವರು ನಾವೇ.